ಹ್ಯಾಮ್‌ಸ್ಟರ್‌ಗಿಂತ ಮೊದಲು ಅಟ್ಟದ ಇಲಿ ನೋಡಿ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ಹಂಚಿನ ಮನೆ. ನಾಲ್ಕನೇ ಕ್ಲಾಸಿನ ಮಗನ ಹಟಕ್ಕೆ ಹುಬ್ಬಳ್ಳಿಯಿಂದ ಇಲಿಯಂಥ ಪುಟ್ಟ ಸಾಕುಪ್ರಾಣಿಗಳಾದ ಎರಡು ಹ್ಯಾಮ್‌ಸ್ಟರ್ ಮರಿ ತಂದೆವು. ಬಂದ ವಾರದಲ್ಲೇ ಒಂದಕ್ಕೆ ಭೇದಿ ಶುರುವಾಗಿ, ಬಾಲದ ಸುತ್ತ ಒದ್ದೆಯಾಗಿ, ಎರಡೇ ದಿನದಲ್ಲಿ ಸತ್ತುಹೋಯಿತು. ಇನ್ನೊಂದು ಚೆನ್ನಾಗಿದೆ. ಈಗ ನನ್ನ ನಾದಿನಿ ನಾಲ್ಕು ತಿಂಗಳ ಬಸುರಿ, ವಾಂತಿ ಜಾಸ್ತಿ ಎಂದು ತವರಿಗೆ ಬಂದಿದ್ದಾಳೆ. ಹ್ಯಾಮ್‌ಸ್ಟರ್‌ನಿಂದ ಬಸುರಿಯರಿಗೆ ವೈರಸ್ ಬರುತ್ತದೆ ಎಂದು ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಸತ್ತಿದ್ದು ಅದೇ ವೈರಸ್‌ನಿಂದಲಾ? ಮಂಗನ ಕಾಯಿಲೆ, ಕೊರೊನಾ ಇದರಿಂದ ಬರುತ್ತಾ? ಉಳಿದದ್ದಕ್ಕೆ ಟೆಸ್ಟ್ ಮಾಡಿಸಬಹುದಾ? ಮಾವನವರು ತೋಟಕ್ಕೆ ಬಿಟ್ಟುಬಿಡಿ ಅನ್ನುತ್ತಾರೆ. ಮಗ ಅಳುತ್ತಿದ್ದಾನೆ.

ಉತ್ತರ: ಮುಖ್ಯವಾದ್ದನ್ನು ಮೊದಲು ಹೇಳಿಬಿಡುತ್ತೇನೆ. ವಾಟ್ಸಾಪ್‌ನಲ್ಲಿ ಬಂದದ್ದು ಪೂರ್ತಿ ಸುಳ್ಳಲ್ಲ. ಬಸುರಿಯರು ಎಚ್ಚರ ವಹಿಸಬೇಕಾದ ವೈರಸ್ ಒಂದು ನಿಜವಾಗಿಯೂ ಇದೆ, ಅದು ಹ್ಯಾಮ್‌ಸ್ಟರ್ ಮೂಲಕ ಬರಬಲ್ಲದು. ಆದರೆ ಅದರ ಮೂಲ ಹ್ಯಾಮ್‌ಸ್ಟರ್ ಅಲ್ಲ, ಮನೆಯ ಸಣ್ಣ ಇಲಿ. ಅಟ್ಟದಲ್ಲಿ, ಅಕ್ಕಿ ಡಬ್ಬಿಯ ಹಿಂದೆ ಓಡಾಡುತ್ತದಲ್ಲ, ಅದೇ. ಇವತ್ತೇ ಪಂಜರವನ್ನು ನಾದಿನಿ ಓಡಾಡದ ಕೋಣೆಗೆ ಸಾಗಿಸಿ. ಅದರ ಚಾಕರಿ ಅವರು ಮಾಡುವುದು ಬೇಡ. ಆ ಕೋಣೆಗೆ ಇಲಿ ನುಗ್ಗದ ಹಾಗೆ ನೋಡಿಕೊಳ್ಳಿ. ತೋಟಕ್ಕೆ ಬಿಡುವುದು ಬೇಡವೇ ಬೇಡ. ಇಷ್ಟು ಮಾಡಿ ಆಮೇಲೆ ನಿಧಾನವಾಗಿ ಮುಂದಿನದನ್ನು ಓದಿ.

ಸತ್ತ ಮರಿಯ ವಿಷಯ. ನೀವು ಬರೆದ ಲಕ್ಷಣ ನೋಡಿದರೆ ಅದು ಹ್ಯಾಮ್‌ಸ್ಟರ್ ಸಾಕುವವರು 'ವೆಟ್ ಟೇಲ್' ಎಂದು ಕರೆಯುವ ಕಾಯಿಲೆಯ ಹಾಗೇ ಇದೆ. ನಾನು ಕಣ್ಣಾರೆ ನೋಡಿಲ್ಲ, ಹಾಗಾಗಿ ಖಡಾಖಂಡಿತ ಅಂತ ಹೇಳುವುದಿಲ್ಲ. ಆದರೆ ತಾಯಿಯಿಂದ ಆಗಷ್ಟೇ ಬೇರ್ಪಟ್ಟ ಮರಿ, ಬಸ್ಸಿನಲ್ಲಿ ಅಷ್ಟು ದೂರದ ಪ್ರಯಾಣ, ಹೊಸ ಮನೆ, ಹೊಸ ಆಹಾರ, ಸುತ್ತ ಮಕ್ಕಳ ಗದ್ದಲ, ವಾರದೊಳಗೆ ನೀರು ನೀರು ಭೇದಿ, ಎರಡು ದಿನದಲ್ಲಿ ಸಾವು. ಇದು ಆ ಕಾಯಿಲೆ ಬರುವ ರೀತಿಯೇ. ಮೂರರಿಂದ ಎಂಟು ವಾರದ ಮರಿಗಳಲ್ಲೇ ಇದು ಜಾಸ್ತಿ. ಇದಕ್ಕೆ ಕಾರಣ ವೈರಸ್ ಅಲ್ಲ. ಲಾಸೋನಿಯಾ ಇಂಟ್ರಾಸೆಲ್ಯುಲಾರಿಸ್ ಎಂಬ ಬ್ಯಾಕ್ಟೀರಿಯಾ ಸಣ್ಣ ಕರುಳಿನ ಕೊನೆಯ ಭಾಗದ ಜೀವಕೋಶಗಳ ಒಳಗೆ ಸೇರಿಕೊಂಡು ಅಲ್ಲಿನ ಗೋಡೆಯನ್ನು ದಪ್ಪ ಮಾಡಿಬಿಡುತ್ತದೆ. ಹಂದಿಗಳಲ್ಲೂ ಇದೇ ಬ್ಯಾಕ್ಟೀರಿಯಾ ಭೇದಿ ತರುತ್ತದೆ. ಮನುಷ್ಯರಿಗೆ ಹರಡುವ ಕಾಯಿಲೆ ಎಂದು ಇದನ್ನು ಯಾರೂ ಎಣಿಸುವುದಿಲ್ಲ. ಹಾಗಾಗಿ ಆ ಸಾವನ್ನು ಹಿಡಿದುಕೊಂಡು ನಾದಿನಿಗೆ ಹೆದರಬೇಕಿಲ್ಲ.

ಇಲ್ಲೇ ಒಂದು ಮಾತು, ಯಾಕೆಂದರೆ ಈ ಜಾಗದಲ್ಲೇ ತುಂಬಾ ಹ್ಯಾಮ್‌ಸ್ಟರ್ ಸಾಯುವುದು. ಭೇದಿ ಕಂಡ ಕೂಡಲೇ ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಮಾತ್ರೆಯನ್ನು ಕಾಲು ಚೂರು ಪುಡಿ ಮಾಡಿ ಕುಡಿಸಬೇಡಿ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್, ಇವೆಲ್ಲ ನಮಗೆ ಔಷಧ. ಹ್ಯಾಮ್‌ಸ್ಟರ್‌ಗೆ ಹೆಚ್ಚುಕಡಿಮೆ ವಿಷ. ಅದರ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಎಂಬ ಕೆಟ್ಟದ್ದು ಬೆಳೆದು, ಅದರ ನಂಜಿಗೇ ಪ್ರಾಣಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ದನದ ಡಾಕ್ಟರ ಹತ್ತಿರ ತೋರಿಸಿದರೂ ಇದು ಹ್ಯಾಮ್‌ಸ್ಟರ್ ಎಂದು ಸ್ಪಷ್ಟವಾಗಿ ಹೇಳಿ. ನಮ್ಮ ಕಡೆಯ ಪಶುವೈದ್ಯರು ಬೆಳಿಗ್ಗೆಯಿಂದ ಸಂಜೆವರೆಗೆ ಆಕಳು, ಎಮ್ಮೆ, ನಾಯಿ ನೋಡುವವರು, ಅವರಿಗೂ ಇದು ಅಪರೂಪದ ಗಿರಾಕಿ.

ಎರಡು ಹ್ಯಾಮ್‌ಸ್ಟರ್ ಒಂದೇ ಪಂಜರದಲ್ಲಿ ಇಟ್ಟಿದ್ದಿರಾ? ಬರೆದಿಲ್ಲ. ಕಂದು-ಬಿಳಿ ಬಣ್ಣದ ದೊಡ್ಡ ಜಾತಿ, ಅಂದರೆ ಗೋಲ್ಡನ್ ಹ್ಯಾಮ್‌ಸ್ಟರ್ ಆಗಿದ್ದರೆ ಬೆಳೆದ ಮೇಲೆ ಅದು ಒಂಟಿಯಾಗಿಯೇ ಇರಬೇಕು. ಅಂಗಡಿಯವರು ಜೋಡಿ ಮಾರುತ್ತಾರೆ, ಮನೆಯಲ್ಲಿ ಅವು ರಾತ್ರಿಯಿಡೀ ಕಚ್ಚಾಡುತ್ತವೆ. ಸತ್ತದ್ದರ ಜಾಗಕ್ಕೆ ಜೊತೆ ಬೇಕು ಎಂದು ಈಗ ಇನ್ನೊಂದು ತರಲು ಹೊರಡಬೇಡಿ.

ಇನ್ನು ಆ ವೈರಸ್. ಹೆಸರು ಉದ್ದ: ಲಿಂಫೋಸೈಟಿಕ್ ಕೋರಿಯೋಮೆನಿಂಜೈಟಿಸ್. ಚಿಕ್ಕದಾಗಿ ಎಲ್‌ಸಿಎಂ ಎನ್ನೋಣ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮಿದುಳು ಜ್ವರ ಹರಡಿದಾಗ ಅದರ ಕಾರಣ ಹುಡುಕುತ್ತಿದ್ದ ಚಾರ್ಲ್ಸ್ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯ ವಿಜ್ಞಾನಿಗೆ ಇದು ಸಿಕ್ಕಿತು. ಮನೆಯ ಸಣ್ಣ ಇಲಿಯೇ ಇದರ ಆಶ್ರಯ. ಹೆಗ್ಗಣವಲ್ಲ, ಚೂಪು ಮೂತಿಯ ಸುಂಡಿಲಿಯೂ ಅಲ್ಲ, ಬೆರಳುದ್ದದ ಬೂದು ಬಣ್ಣದ ಇಲಿ. ತಾಯಿ ಇಲಿಯ ಹೊಟ್ಟೆಯಲ್ಲೇ ಸೋಂಕಾದ ಮರಿಗೆ ಏನೂ ಆಗುವುದಿಲ್ಲ. ಅದರ ದೇಹ ವೈರಸ್ಸನ್ನು ಪರಕೀಯ ಎಂದು ಗುರುತಿಸುವುದೇ ಇಲ್ಲ. ಹಾಗಾಗಿ ಬದುಕಿರುವಷ್ಟು ಕಾಲವೂ ಮೂತ್ರ, ಜೊಲ್ಲು, ಹಿಕ್ಕೆಯಲ್ಲಿ ವೈರಸ್ ಹೊರಗೆ ಹಾಕುತ್ತಾ ಆರಾಮಾಗಿ ಓಡಾಡಿಕೊಂಡಿರುತ್ತದೆ.

ಹ್ಯಾಮ್‌ಸ್ಟರ್‌ಗೆ ಇದು ಬರುವುದು ಇಲಿಯಿಂದ. ಸಾಕಣೆ ಕೇಂದ್ರದಲ್ಲೋ, ಮಾರುವ ಅಂಗಡಿಯಲ್ಲೋ, ನಿಮ್ಮ ಮನೆಯಲ್ಲೋ. ಇಲಿ ರಾತ್ರಿ ಪಂಜರದ ಮೇಲೆ ಹತ್ತಿ ಕಾಳು ಕದಿಯುತ್ತದೆ, ಅಲ್ಲೇ ಉಚ್ಚೆ ಹೊಯ್ದು ಹೋಗುತ್ತದೆ. ಅಷ್ಟು ಸಾಕು. ಬೆಳೆದ ಹ್ಯಾಮ್‌ಸ್ಟರ್‌ಗೆ ಸೋಂಕಾದರೆ ಸಾಮಾನ್ಯವಾಗಿ ಸ್ವಲ್ಪ ಕಾಲದಲ್ಲಿ ಅದನ್ನು ಗೆದ್ದುಕೊಳ್ಳುತ್ತದೆ. ಎಳೆ ಮರಿಗೆ ತಗುಲಿದರೆ ತಿಂಗಳುಗಟ್ಟಲೆ ಮೂತ್ರದಲ್ಲಿ ವೈರಸ್ ಹೋಗುತ್ತಲೇ ಇರುತ್ತದೆ, ನೋಡುವುದಕ್ಕೆ ಮಾತ್ರ ಗುಂಡು ಗುಂಡಾಗಿ ಚೆನ್ನಾಗಿಯೇ ಇರುತ್ತದೆ. ಕೆಲವು ಕೊನೆಗೆ ಸೊರಗಿ, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಅಂದರೆ ಹ್ಯಾಮ್‌ಸ್ಟರ್ ಚುರುಕಾಗಿದೆ ಎಂದಾಕ್ಷಣ ವೈರಸ್ ಇಲ್ಲ ಎಂದು ಹೇಳಲಾಗುವುದಿಲ್ಲ. ನಿಮ್ಮಲ್ಲಿ ಉಳಿದದ್ದು ಚೆನ್ನಾಗಿದೆ ಅಂದಿರಿ, ಸಂತೋಷ, ಆದರೆ ಎಚ್ಚರಿಕೆ ಬಿಡಬೇಡಿ.

ಮನುಷ್ಯರಿಗೆ ಬರುವುದು ಸೋಂಕಿದ ಪ್ರಾಣಿಯ ಮೂತ್ರ, ಹಿಕ್ಕೆ, ಹಾಸಿನ ಧೂಳು ಮೂಗಿಗೆ ಹೋದಾಗ, ಕೈಯಲ್ಲಿನ ಗಾಯಕ್ಕೆ ತಾಗಿದಾಗ, ಅಥವಾ ಕಚ್ಚಿದಾಗ. ತುಂಬಾ ಜನರಿಗೆ ಏನೂ ಗೊತ್ತೇ ಆಗುವುದಿಲ್ಲ. ಕೆಲವರಿಗೆ ಒಂದೆರಡು ವಾರದ ನಂತರ ಜ್ವರ, ಮೈಕೈ ನೋವು, ತಲೆನೋವು. ಕಡಿಮೆಯಾಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ತಿರುಗಿ ಬಂದು ಕುತ್ತಿಗೆ ಸೆಟೆದುಕೊಳ್ಳುವುದು, ಮಿದುಳಿನ ಪೊರೆಯ ಉರಿಯೂತ. ಆ ಹಂತಕ್ಕೆ ಹೋದವರೂ ಬಹುಪಾಲು ಗುಣವಾಗುತ್ತಾರೆ. ಒಟ್ಟಾರೆ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ. ಒಬ್ಬರಿಂದ ಒಬ್ಬರಿಗೆ ಕೆಮ್ಮು, ಮುಟ್ಟುವಿಕೆಯಿಂದ ಹರಡುವುದಿಲ್ಲ.

ಇದಕ್ಕೆ ಹೊರತಾದವು ಎರಡೇ, ಎರಡೂ ಗಂಭೀರ. ಒಂದು, ಬಸುರಿ ತಾಯಿಯಿಂದ ಹೊಟ್ಟೆಯಲ್ಲಿರುವ ಮಗುವಿಗೆ. ಮೊದಲ ಆರು ತಿಂಗಳಲ್ಲಿ ಸೋಂಕಾದರೆ ಗರ್ಭಪಾತ ಆಗಬಹುದು, ಇಲ್ಲವೇ ಮಗುವಿನ ಮಿದುಳು ಮತ್ತು ಕಣ್ಣಿನ ರೆಟಿನಾಕ್ಕೆ ಶಾಶ್ವತ ಹಾನಿ ಆಗಬಹುದು, ತಲೆಯಲ್ಲಿ ನೀರು ತುಂಬಿಕೊಳ್ಳಬಹುದು. ತಾಯಿಗೆ ಮಾತ್ರ ಸಣ್ಣ ಫ್ಲೂ ಬಂದು ಹೋದ ಹಾಗೆ ಆಗಿರುತ್ತದೆ. ನಾದಿನಿಗೆ ಈಗ ನಾಲ್ಕು ತಿಂಗಳು, ಆದ್ದರಿಂದಲೇ ನಾನು ಮೊದಲ ಸಾಲಿನಲ್ಲೇ ಪಂಜರ ಸಾಗಿಸಿ ಎಂದದ್ದು. ಎರಡನೆಯದು ಅಂಗ ಕಸಿ. 2005ರಲ್ಲಿ ಅಮೆರಿಕದಲ್ಲಿ ಒಬ್ಬರೇ ದಾನಿಯ ಅಂಗಗಳನ್ನು ಪಡೆದ ನಾಲ್ವರಿಗೂ ಎಲ್‌ಸಿಎಂ ಬಂತು, ಮೂವರು ತೀರಿಕೊಂಡರು. ದಾನಿಗೆ ಯಾವ ಲಕ್ಷಣವೂ ಇರಲಿಲ್ಲ. ಹುಡುಕುತ್ತಾ ಹೋದಾಗ ಅವರ ಮನೆಗೆ ಸ್ವಲ್ಪ ಹಿಂದೆ ಅಂಗಡಿಯಿಂದ ತಂದ ಹ್ಯಾಮ್‌ಸ್ಟರ್ ಒಂದು ಇತ್ತು, ಅದರಲ್ಲಿದ್ದ ವೈರಸ್ಸೂ ರೋಗಿಗಳಲ್ಲಿ ಸಿಕ್ಕ ವೈರಸ್ಸೂ ಒಂದೇ. ಅಲ್ಲಿಂದ ಹಿಂದೆ ಹಿಂದೆ ಹೋಗಿ ಅಂಗಡಿಗೆ ಪ್ರಾಣಿ ಕಳಿಸಿದ ಸಗಟು ವ್ಯಾಪಾರಿಯ ತನಕ ಮುಟ್ಟಿದರು. ನಿಮ್ಮ ಮನೆಯಲ್ಲಿ ಕಿಡ್ನಿ ಕಸಿ ಆದವರು, ಕೀಮೋ ತೆಗೆದುಕೊಳ್ಳುವವರು ಇದ್ದರೆ ಅವರಿಗೂ ಬಸುರಿಗೆ ಹೇಳಿದ ನಿಯಮಗಳೇ.

ಇದಕ್ಕೂ ಮುಂಚೆ 1973-74ರಲ್ಲಿ ಅಮೆರಿಕದ 12 ರಾಜ್ಯಗಳಲ್ಲಿ 181 ಜನರಿಗೆ ಸಾಕಿದ ಹ್ಯಾಮ್‌ಸ್ಟರ್‌ಗಳಿಂದ ಇದೇ ಸೋಂಕು ಬಂದಿತ್ತು. ಅಷ್ಟೂ ಪ್ರಾಣಿಗಳ ಜಾಡು ಹಿಡಿದರೆ ಅಲಬಾಮಾದ ಒಬ್ಬನೇ ಸಾಕಣೆದಾರ. ಇದನ್ನು ಯಾಕೆ ಹೇಳಿದೆನೆಂದರೆ, ಅಪಾಯ ಪ್ರತಿ ಹ್ಯಾಮ್‌ಸ್ಟರ್‌ನಲ್ಲೂ ಒಂದೇ ಸಮನಾಗಿ ಹಂಚಿಹೋಗಿರುವುದಿಲ್ಲ. ಸಾವಿರಾರು ಸಾಕಣೆಗಳಲ್ಲಿ ಏನೂ ಇರುವುದಿಲ್ಲ. ಇಲಿ ಹೊಕ್ಕ ಒಂದು ಸಾಕಣೆಯಿಂದ ನೂರಾರು ಮನೆಗೆ ಹೋಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಪ್ರಾಣಿ ಆರಿಸುವಾಗ ಮೈಬಣ್ಣ ನೋಡುವ ಮೊದಲು ನೆಲ ನೋಡಿ. ಮೂಲೆಯಲ್ಲಿ, ಕಾಳಿನ ಮೂಟೆಯ ಹತ್ತಿರ ಇಲಿ ಹಿಕ್ಕೆ ಕಂಡರೆ, ಹಾವಿಗೋ ಮೀನಿಗೋ ಆಹಾರವಾಗಿ ಮಾರುವ ಬಿಳಿ ಇಲಿ ಪಕ್ಕದ ಗೂಡಿನಲ್ಲೇ ಇದ್ದರೆ, ಸುಮ್ನೆ ವಾಪಸ್ ಬನ್ನಿ.

ನಾದಿನಿ ಈಗಾಗಲೇ ಅದನ್ನು ಎತ್ತಿ ಆಡಿಸಿದ್ದಾರೆ ಎಂದಿಟ್ಟುಕೊಳ್ಳಿ. ಗಾಬರಿ ಬೇಡ. ಎತ್ತಿದವರಿಗೆಲ್ಲ ಸೋಂಕಾಗುವುದಿಲ್ಲ, ಮೊದಲು ಆ ಹ್ಯಾಮ್‌ಸ್ಟರ್‌ಗೆ ಸೋಂಕು ಇರಬೇಕಲ್ಲ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ 'ಮನೆಯಲ್ಲಿ ಹ್ಯಾಮ್‌ಸ್ಟರ್ ಇದೆ, ಇಲಿ ಕಾಟವೂ ಇದೆ' ಎಂದು ಒಂದು ಮಾತು ಹೇಳಲಿ. ಜ್ವರ, ಬಿಡದ ತಲೆನೋವು ಬಂದರೆ ಮಾತ್ರ ಮುಂದಿನ ಭೇಟಿಗೆ ಕಾಯದೆ ಅವತ್ತೇ ಹೋಗಬೇಕು, ಆಗಲೂ ಇದೇ ಮಾತು ಹೇಳಬೇಕು. ಡಾಕ್ಟರಿಗೆ ಅನುಮಾನ ಬಂದರೆ ರಕ್ತದಲ್ಲಿ ಆಂಟಿಬಾಡಿ, ಅಂದರೆ ವೈರಸ್ಸಿನ ವಿರುದ್ಧ ದೇಹ ಮಾಡಿಕೊಂಡ ಪ್ರೋಟೀನ್ ಇದೆಯೇ ಎಂದು ನೋಡಿಸುತ್ತಾರೆ. ಮಳೆಗಾಲದ ನಮ್ಮ ಕಡೆಯ ಜ್ವರ ಎಂದರೆ ಡೆಂಗಿ, ಇಲಿ ಜ್ವರ, ಟೈಫಾಯ್ಡ್ ಎಲ್ಲವೂ ಸಾಲಿನಲ್ಲಿ ನಿಂತಿರುತ್ತವೆ, ಬಸುರಿಗೆ ಅವೇ ಮೊದಲ ಚಿಂತೆ. ಇಲಿ ಜ್ವರವೂ ವೈರಸ್ ಅಲ್ಲ, ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ. ಇಲಿ, ಹೆಗ್ಗಣಗಳ ಮೂತ್ರ ಬೆರೆತ ಗದ್ದೆ ನೀರು, ಕೊಟ್ಟಿಗೆಯ ಕೆಸರು ಇದಕ್ಕೆ ದಾರಿ. ಮನೆಯ ಇಲಿ ಕಡಿಮೆ ಮಾಡಿದರೆ ಈ ಅಪಾಯವೂ ತಗ್ಗುತ್ತದೆ.

ಹಾಗಾದರೆ ಇಲಿಗೆ ಏನು ಮಾಡುವುದು? ಹಂಚಿನ ಮನೆಯಲ್ಲಿ ಇಲಿಯೇ ಇಲ್ಲದ ಹಾಗೆ ಮಾಡುತ್ತೇನೆ ಎಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. ಮೇಲೆ ಹಂಚು, ಕೆಳಗೆ ಅಡಿಕೆ ಸುಲಿಯುವ ಜಾಗ, ಪಕ್ಕದಲ್ಲಿ ಕೊಟ್ಟಿಗೆ, ಅದರಾಚೆ ಹುಲ್ಲಿನ ಬಣವೆ. ಇಡೀ ಮನೆ ಬೇಡ, ಒಂದು ಕೋಣೆ ಸಾಕು. ಅಡುಗೆಮನೆ, ಅಟ್ಟದ ಏಣಿ ಇರುವ ಕೋಣೆ ಬಿಟ್ಟು ಬೇರೆ ಒಂದನ್ನು ಆರಿಸಿಕೊಳ್ಳಿ. ಪೆನ್ಸಿಲ್ ತೂರುವಷ್ಟು ಸಂದಿ ಇದ್ದರೆ ಸಣ್ಣ ಇಲಿ ನುಸುಳುತ್ತದೆ. ಬಾಗಿಲಡಿಯ ಸಂದಿಗೆ ತಗಡಿನ ಪಟ್ಟಿ ಹೊಡೆಸಿ, ಗೋಡೆಯ ತೂತಿಗೆ ಪಾತ್ರೆ ತಿಕ್ಕುವ ಉಕ್ಕಿನ ನಾರು ತುರುಕಿ ಮೇಲೆ ಸಿಮೆಂಟ್ ಮೆತ್ತಿ. ಬರೀ ಬಟ್ಟೆ ತುರುಕಿದರೆ ಮಾರನೇ ದಿನ ಅದೇ ಇಲಿಗೆ ಹಾಸಿಗೆ. ಪಂಜರವನ್ನು ಗೋಡೆಗೆ ಒತ್ತಿಡದೆ ಮೇಜಿನ ನಡುವೆ ಇಡಿ. ಸೂರ್ಯಕಾಂತಿ ಬೀಜ, ಕಾಳು ಎಲ್ಲ ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಗೆ ಹೋಗಲಿ. ಹ್ಯಾಮ್‌ಸ್ಟರ್ ಚೆಲ್ಲಿದ ಕಾಳನ್ನು ರಾತ್ರಿ ಮಲಗುವ ಮೊದಲು ತೆಗೆಯಬೇಕು, ಇಲಿ ಬರುವುದೇ ಅದಕ್ಕೆ.

ಬೋನು ಇಡಿ. ವಿಷ ಇಡುವುದು ನನಗೆ ಇಷ್ಟವಿಲ್ಲ. ಮಗು ಇರುವ ಮನೆ, ನಾಯಿ ಇರಬಹುದು, ಮತ್ತೆ ವಿಷ ತಿಂದ ಇಲಿ ಅಟ್ಟದ ಯಾವುದೋ ಮೂಲೆಯಲ್ಲಿ ಸತ್ತರೆ ವಾರಗಟ್ಟಲೆ ನಾತ, ವಾಂತಿ ಇರುವ ಬಸುರಿಗೆ ಅದೊಂದು ಶಿಕ್ಷೆ. ಇಲಿಗೆಂದು ಈಗ ಹೊಸ ಬೆಕ್ಕಿನ ಮರಿ ತರುವ ಯೋಚನೆ ಬಂದರೆ ಅದನ್ನೂ ಮುಂದೆ ಹಾಕಿ. ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬರುತ್ತದೆ, ಅದೂ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ. ಇರುವ ಬೆಕ್ಕು ಇರಲಿ, ಅದರ ಗಲೀಜು ತೆಗೆಯುವ ಕೆಲಸ ಮಾತ್ರ ನಾದಿನಿಗೆ ಬೇಡ.

ಇಲಿ ಹಿಕ್ಕೆ ಕಂಡಲ್ಲಿ ಒಣ ಪೊರಕೆ ಹಾಕಬೇಡಿ. ಧೂಳೆದ್ದು ಮೂಗಿಗೆ ಹೋಗುವುದೇ ಅಪಾಯ. ಒಂದು ಪಾಲು ಲಿಕ್ವಿಡ್ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು, ಕೈಗವಸು ಹಾಕಿಕೊಂಡು ಹಳೇ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಸುಟ್ಟುಬಿಡಿ. ಕಿಟಕಿ ತೆರೆದಿರಲಿ. ಎಲ್‌ಸಿಎಂ ವೈರಸ್ ಸುತ್ತ ಕೊಬ್ಬಿನ ಹೊದಿಕೆ ಇದೆ, ಸೋಪಿಗೂ ಬ್ಲೀಚ್‌ಗೂ ಬೇಗ ಸಾಯುತ್ತದೆ. ಹ್ಯಾಮ್‌ಸ್ಟರ್ ಪಂಜರದ ಮರದ ಹುಡಿ ಬದಲಿಸುವಾಗಲೂ ಹೀಗೇ, ಹೊರಗೆ ಗಾಳಿಯಲ್ಲಿ, ಸ್ವಲ್ಪ ನೀರು ಚಿಮುಕಿಸಿಕೊಂಡು. ಈ ಕೆಲಸ ನೀವೋ ನಿಮ್ಮ ಯಜಮಾನರೋ ಮಾಡಿ. ಮಗ ಆಡಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಅತ್ತೆಯ ಹತ್ತಿರ ಹೋಗಬಾರದು ಎಂದು ಅವನಿಗೆ ಒಂದು ಕಾಯಿದೆ ಮಾಡಿ. ಹ್ಯಾಮ್‌ಸ್ಟರ್‌ಗೆ ಮುತ್ತು ಕೊಡುವುದು, ಊಟದ ತಟ್ಟೆಯ ಹತ್ತಿರ ಬಿಡುವುದು ಬೇಡ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ, ಸಣ್ಣ ಲಾಡಿಹುಳ ಇವೂ ಹ್ಯಾಮ್‌ಸ್ಟರ್‌ನಿಂದ ಮಕ್ಕಳಿಗೆ ಬರಬಹುದು. ಸತ್ತ ಮರಿಗೆ ಭೇದಿ ಆಗಿತ್ತು ನೋಡಿ, ಹಾಗಾಗಿ ಅದಿದ್ದ ಪಂಜರವನ್ನು ಚೆನ್ನಾಗಿ ತೊಳೆದು, ಬ್ಲೀಚ್ ಹಾಕಿ, ಬಿಸಿಲಿಗೆ ಒಣಗಿಸಿ. ಮಳೆ ಹಿಡಿದಿದ್ದರೆ ಬಚ್ಚಲ ಒಲೆಯ ಹತ್ತಿರ.

ಟೆಸ್ಟ್ ಬಗ್ಗೆ ಕೇಳಿದ್ದೀರಿ. ಸಾಕಿದ ಒಂದು ಹ್ಯಾಮ್‌ಸ್ಟರ್‌ಗೆ ಎಲ್‌ಸಿಎಂ ಟೆಸ್ಟ್ ಮಾಡಿಸುವುದರಲ್ಲಿ ಅರ್ಥವಿಲ್ಲ. ಆಂಟಿಬಾಡಿ ಟೆಸ್ಟ್ ಮಾಡಿದರೆ, ಎಳವೆಯಲ್ಲೇ ಸೋಂಕಾಗಿ ವೈರಸ್ ಹೊತ್ತು ತಿರುಗುವ ಪ್ರಾಣಿಯಲ್ಲೂ 'ಇಲ್ಲ' ಎಂದು ಬರಬಹುದು. ಇವತ್ತು ಇಲ್ಲ ಎಂದು ಬಂದರೂ ನಾಳೆ ರಾತ್ರಿ ಇಲಿ ಬಂದರೆ ಮುಗಿಯಿತು. ಆ ದುಡ್ಡಿಗೆ ಬಾಗಿಲಿಗೆ ತಗಡು ಹೊಡೆಸಿ.

ಲ್ಯಾಬ್‌ಗಳಲ್ಲಿ ಟೆಸ್ಟ್ ಮಾಡುತ್ತಾರಲ್ಲ ಎಂದು ನೀವು ಕೇಳಬಹುದು. ಮಾಡುತ್ತಾರೆ, ಆದರೆ ಅಲ್ಲಿ ನೋಡುವುದು ಒಂದು ಪ್ರಾಣಿಯನ್ನಲ್ಲ, ಇಡೀ ಹಿಂಡನ್ನು. ನಾನು ಈ ಕಡೆ ಬರುವ ಮೊದಲು ಲ್ಯಾಬ್ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಅಲ್ಲಿ ಹೊಸ ಪ್ರಾಣಿ ಬಂದರೆ ಮೊದಲು ಬೇರೆ ಕೋಣೆ. ಆಮೇಲೆ ಹಿಂಡಿನ ಪಕ್ಕ ಕೆಲವು ಕಾವಲು ಪ್ರಾಣಿಗಳನ್ನು ಇಟ್ಟು, ಹಿಂಡಿನ ಹಳೇ ಹಾಸನ್ನು ಅವಕ್ಕೆ ಹಾಕಿ, ಆಗಾಗ ಅವುಗಳ ರಕ್ತ ನೋಡುತ್ತಾರೆ. ಅವಕ್ಕೆ ತಗುಲಿದರೆ ಹಿಂಡಿನಲ್ಲಿ ಇದೆ ಎಂದೇ ಅರ್ಥ. ಇಷ್ಟೆಲ್ಲ ಕಟ್ಟುನಿಟ್ಟು ಬಂದದ್ದು ಪೆಟ್ಟು ತಿಂದ ಮೇಲೆಯೇ. 1970ರ ದಶಕದಲ್ಲಿ ಅಮೆರಿಕದ ರೋಚೆಸ್ಟರ್‌ನ ಆಸ್ಪತ್ರೆಯೊಂದರಲ್ಲಿ ಪ್ರಯೋಗದ ಹ್ಯಾಮ್‌ಸ್ಟರ್‌ಗಳಿಂದ ಕೆಲಸಗಾರರಿಗೆ ಎಲ್‌ಸಿಎಂ ಹರಡಿತ್ತು. ಒಂದು ಹ್ಯಾಮ್‌ಸ್ಟರ್‌ನ ಕ್ಯಾನ್ಸರ್ ಗೆಡ್ಡೆಯನ್ನು ಪ್ರಯೋಗಕ್ಕಾಗಿ ಇನ್ನೊಂದಕ್ಕೆ ನಾಟಿ ಮಾಡುತ್ತಾ ಹೋಗುವಾಗ ವೈರಸ್ಸೂ ಜೊತೆಗೇ ದಾಟುತ್ತಾ ಹೋಗಿತ್ತು.

ಹ್ಯಾಮ್‌ಸ್ಟರ್‌ಗೇ ಕಾಟ ಕೊಡುವ ವೈರಸ್‌ಗಳು ಬೇರೆ ಇವೆ, ಅವು ನಮಗೆ ಬರುವುದಿಲ್ಲ. ಅವುಗಳಲ್ಲಿ ಕೆಟ್ಟದ್ದು ಹ್ಯಾಮ್‌ಸ್ಟರ್ ಪಾಲಿಯೋಮಾ ವೈರಸ್. 1967ರಲ್ಲಿ ಬರ್ಲಿನ್‌ನಲ್ಲಿ ಗ್ರಾಫಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಇದನ್ನು ಮೊದಲು ವರದಿ ಮಾಡಿದರು. ಇದರ ನಡತೆ ವಿಚಿತ್ರ. ಇದನ್ನು ಎಂದೂ ಕಾಣದ ಹಿಂಡಿಗೆ ಹೊಸದಾಗಿ ಹೊಕ್ಕರೆ ಎಳೆಯ ಹ್ಯಾಮ್‌ಸ್ಟರ್‌ಗಳಿಗೆ ಹೊಟ್ಟೆಯೊಳಗೆ ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಬಂದು ಸಾಲುಸಾಲಾಗಿ ಸಾಯುತ್ತವೆ. ವರ್ಷಗಟ್ಟಲೆ ವೈರಸ್ ಒಳಗೇ ಇರುವ ಹಿಂಡಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ವಯಸ್ಸಾದವಕ್ಕೆ ಮುಖ, ಪಾದದ ಸುತ್ತ ಕೂದಲ ಬುಡದಿಂದ ನರೂಲಿಯಂಥ ಗಂಟುಗಳು ಏಳುತ್ತವೆ ಅಷ್ಟೆ. ಇದೂ ಮೂತ್ರದಿಂದ ಹರಡುತ್ತದೆ. ಎಲ್‌ಸಿಎಂ ಹಾಗೆ ಸೋಪಿಗೆ ಸಾಯುವ ಜಾತಿಯಲ್ಲ, ತುಂಬಾ ಗಟ್ಟಿ. ಲ್ಯಾಬ್‌ನಲ್ಲಿ ಕಂಡರೆ ಇಡೀ ಹಿಂಡನ್ನೇ ತೆಗೆದು, ಕೋಣೆಯನ್ನು ತೊಳೆದು, ಹೊಸದಾಗಿ ಶುರು ಮಾಡುವುದೇ ದಾರಿ. ನಿಮ್ಮ ಹ್ಯಾಮ್‌ಸ್ಟರ್ ಮೈಮೇಲೆ ಗಂಟು ಕಂಡರೆ ಅದು ಇದೇ ಎಂದಲ್ಲ, ಬಾವು ಇರಬಹುದು, ಕೆನ್ನೆಚೀಲದಲ್ಲಿ ತುಂಬಿಕೊಂಡ ಕಾಳೂ ಇರಬಹುದು!

ಪಾರ್ವೊ ವೈರಸ್ ಒಂದಿದೆ, ಹಾಲು ಕುಡಿಯುವ ಮರಿಗಳಿಗೆ ಬಂದರೆ ಮುಂದಿನ ಹಲ್ಲು ಸರಿಯಾಗಿ ಹುಟ್ಟದೆ, ತಲೆ ಗುಮ್ಮಟದ ಹಾಗೆ ಉಬ್ಬಿ ಸಾಯುತ್ತವೆ. ಜಪಾನಿನ ಸೆಂಡಾಯ್ ನಗರದ ಹೆಸರಿನ ಸೆಂಡಾಯ್ ವೈರಸ್ ಶ್ವಾಸಕೋಶದ್ದು, ಇಲಿಗಳಿಗೆ ಜೋರು, ಬೆಳೆದ ಹ್ಯಾಮ್‌ಸ್ಟರ್‌ಗೆ ಬಂದರೂ ಹೊರಗೆ ಕಾಣುವುದು ಕಡಿಮೆ. ಇವೆಲ್ಲ ಮನೆಯಲ್ಲಿ ಒಂದೇ ಒಂದು ಹ್ಯಾಮ್‌ಸ್ಟರ್ ಇಟ್ಟವರ ತಲೆನೋವಲ್ಲ.

ಕೊರೊನಾ ಬರುತ್ತಾ? ಇದಕ್ಕೆ ಉತ್ತರ ಹೌದು, ಆದರೆ ನೀವು ಅಂದುಕೊಂಡ ದಿಕ್ಕಿನಲ್ಲಿ ಅಲ್ಲ. ಗೋಲ್ಡನ್ ಹ್ಯಾಮ್‌ಸ್ಟರ್‌ಗೆ ನಮ್ಮ ಕೊರೊನಾ ತುಂಬಾ ಸುಲಭವಾಗಿ ಹತ್ತುತ್ತದೆ. ತೂಕ ಇಳಿಯುತ್ತದೆ, ಎರಡು ವಾರದಲ್ಲಿ ಚೇತರಿಸಿಕೊಳ್ಳುತ್ತದೆ. ರೊಬೊರೊವ್ಸ್ಕಿ ಎಂಬ ಕುಳ್ಳ ಜಾತಿಗೆ ಹತ್ತಿದರೆ ಕೆಲವೇ ದಿನದಲ್ಲಿ ಸಾಯಬಹುದು. ಇಷ್ಟು ಚೆನ್ನಾಗಿ ಹತ್ತುತ್ತದೆ ಎಂದೇ ವಿಜ್ಞಾನಿಗಳು ಕೊರೊನಾ ಪ್ರಯೋಗಗಳಿಗೆ ಗೋಲ್ಡನ್ ಜಾತಿಯನ್ನು ಆರಿಸಿಕೊಂಡರು. 2020ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎರಡು ಪಂಜರಗಳ ನಡುವೆ ಮಾಸ್ಕಿನ ಬಟ್ಟೆ ಕಟ್ಟಿ, ಫ್ಯಾನ್ ಹಾಕಿ, ಸೋಂಕು ದಾಟುವುದು ಕಡಿಮೆಯಾಗುತ್ತದೆ ಎಂದು ತೋರಿಸಿದ್ದು ಹ್ಯಾಮ್‌ಸ್ಟರ್‌ಗಳಲ್ಲೇ. ನಾವು ಕೈಯೊಡ್ಡಿ ಹಾಕಿಸಿಕೊಂಡ ಕೋವ್ಯಾಕ್ಸಿನ್ ಅನ್ನು ಪುಣೆಯ ವೈರಾಣು ಸಂಸ್ಥೆಯಲ್ಲಿ ಪರೀಕ್ಷಿಸಿದ್ದೂ ಇವುಗಳ ಮೇಲೆ. ಅಷ್ಟೇ ಅಲ್ಲ, ನಿಮ್ಮ ಆಕಳಿಗೆ ಹಾಕಿಸುವ ಕಾಲುಬಾಯಿ ಜ್ವರದ ಲಸಿಕೆಯ ವೈರಸ್ ಬೆಳೆಸುವುದು 1961ರಲ್ಲಿ ಹ್ಯಾಮ್‌ಸ್ಟರ್ ಮರಿಯ ಮೂತ್ರಪಿಂಡದಿಂದ ತೆಗೆದ ಜೀವಕೋಶಗಳ ಸಂತತಿಯಲ್ಲಿ. ಈ ಮಾತು ಮಾವನವರಿಗೆ ಹೇಳಿ, ಹ್ಯಾಮ್‌ಸ್ಟರ್ ಮೇಲಿನ ಸಿಟ್ಟು ಸ್ವಲ್ಪ ಇಳಿದೀತು.

ಹ್ಯಾಮ್‌ಸ್ಟರ್‌ನಿಂದ ಮನುಷ್ಯರಿಗೆ ಕೊರೊನಾ ಬಂದದ್ದು ಗೊತ್ತಿರುವುದು 2022ರ ಜನವರಿಯಲ್ಲಿ, ಮತ್ತೆ ಹಾಂಗ್‌ಕಾಂಗ್‌ನಲ್ಲೇ. ಸಾಕುಪ್ರಾಣಿ ಅಂಗಡಿಯ ಕೆಲಸದವರೊಬ್ಬರಿಗೆ ಡೆಲ್ಟಾ ತಳಿ ಸಿಕ್ಕಿತು, ಆಗ ಊರಲ್ಲಿ ಬೇರೆಲ್ಲೂ ಆ ತಳಿ ಓಡಾಡುತ್ತಿರಲಿಲ್ಲ. ಹೊರದೇಶದಿಂದ ತರಿಸಿದ್ದ ಹ್ಯಾಮ್‌ಸ್ಟರ್‌ಗಳಲ್ಲಿ ಅದೇ ವೈರಸ್ ಸಿಕ್ಕಿತು. ಸರ್ಕಾರ ಸುಮಾರು 2,000 ಹ್ಯಾಮ್‌ಸ್ಟರ್ ಮತ್ತಿತರ ಸಣ್ಣ ಪ್ರಾಣಿಗಳನ್ನು ಕೊಲ್ಲಿಸಿತು. ಅದು ಒಟ್ಟಿಗೆ ನೂರಾರು ಪ್ರಾಣಿ ತುಂಬಿದ ಜಾಗದ ಕತೆ. ನಿಮ್ಮ ಕೋಣೆಯಲ್ಲಿ ಒಂಟಿಯಾಗಿರುವ ಹ್ಯಾಮ್‌ಸ್ಟರ್‌ಗೆ ಕೊರೊನಾ ಬರಬೇಕಾದರೆ ನಿಮ್ಮಿಂದಲೇ ಬರಬೇಕು. ಮನೆಯಲ್ಲಿ ಯಾರಿಗಾದರೂ ಕೆಮ್ಮು ಜ್ವರ ಇದ್ದರೆ ಅವರು ಅದರ ಹತ್ತಿರ ಹೋಗದಿದ್ದರೆ ಆಯಿತು.

ಮಂಗನ ಕಾಯಿಲೆ. ಶಿರಸಿ, ಸಿದ್ದಾಪುರದ ಕಡೆಯವರು ಇದನ್ನು ಕೇಳದೆ ಇರುವುದಿಲ್ಲ, ಕೇಳಲೇಬೇಕು. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಸಿಕ್ಕ ವೈರಸ್ ಇದು. ಹರಡುವುದು ಉಣುಗಿನಿಂದ. ಕಾಡಿನ ಇಲಿ, ಸುಂಡಿಲಿಯಂಥ ಸಣ್ಣ ಪ್ರಾಣಿಗಳು ಈ ಚಕ್ರದಲ್ಲಿ ಇವೆ, ಅಂಗಡಿಯಿಂದ ಬಂದು ಪಂಜರದಲ್ಲಿರುವ ಹ್ಯಾಮ್‌ಸ್ಟರ್ ಇಲ್ಲ. ಅದರಿಂದ ಮಂಗನ ಕಾಯಿಲೆ ಬರುವುದಿಲ್ಲ. ಬರಬಹುದಾದ ಒಂದೇ ಅಡ್ಡದಾರಿ ನಮ್ಮ ಕೈಯಲ್ಲೇ ಇದೆ: ಹ್ಯಾಮ್‌ಸ್ಟರ್‌ಗೆ ಮೆತ್ತಗೆ ಇರಲಿ ಎಂದು ಬೆಟ್ಟದಿಂದ ದರಕು (ಉದುರಿದ ಒಣ ಎಲೆ), ಒಣಹುಲ್ಲು ತಂದು ಹಾಸುವುದು. ದರಕಿನ ಜೊತೆ ಉಣುಗಿನ ಮರಿ ಮನೆಯೊಳಗೆ ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಅವು ಜಾಸ್ತಿ. ಅಂಗಡಿಯ ಮರದ ಹುಡಿ ಇಲ್ಲದಿದ್ದರೆ ಬಿಳಿ ಟಿಶ್ಯೂ ಕಾಗದ ಹರಿದು ಹಾಕಿ. ಸೊಪ್ಪಿಗೆ, ದರಕಿಗೆ ಬೆಟ್ಟಕ್ಕೆ ಹೋಗುವವರು ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಲಿ, ಬಟ್ಟೆ ಅಂಗಳದಲ್ಲೇ ಬದಲಿಸಲಿ. ಮನೆಗೆ ಮಂಗನ ಕಾಯಿಲೆ ತರುವುದಿದ್ದರೆ ಅವರ ಬಟ್ಟೆ, ಕೊಟ್ಟಿಗೆಯ ದರಕು ತರುತ್ತವೆ.

ಹ್ಯಾಮ್‌ಸ್ಟರ್ ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಟಿಟಿ ಹಾಕಿಸಿ ಎಷ್ಟು ವರ್ಷವಾಯಿತು ಎಂದು ನೋಡಿಕೊಂಡು ಡಾಕ್ಟರಿಗೆ ತೋರಿಸಿ. ಪಂಜರದಲ್ಲೇ ಇರುವ ಹ್ಯಾಮ್‌ಸ್ಟರ್‌ನಿಂದ ರೇಬಿಸ್ ಭಯ ಇಲ್ಲವೆನ್ನುವಷ್ಟು ಕಡಿಮೆ.

ಮಾವನವರ ಸಲಹೆಗೆ ಬರುತ್ತೇನೆ. ಗೋಲ್ಡನ್ ಹ್ಯಾಮ್‌ಸ್ಟರ್‌ಗಳ ಮೂಲ ಸಿರಿಯಾ. 1930ರಲ್ಲಿ ಅಲೆಪ್ಪೊ ಹತ್ತಿರದ ಹೊಲದಲ್ಲಿ ಆಹರೋನಿ ಎಂಬ ಪ್ರಾಣಿಶಾಸ್ತ್ರಜ್ಞ ಒಂದು ತಾಯಿಯನ್ನೂ ಮರಿಗಳನ್ನೂ ಅಗೆದು ತೆಗೆದು, ಮರಿಗಳನ್ನು ಜೆರುಸಲೇಮಿಗೆ ತಂದ. ಲ್ಯಾಬ್‌ನಲ್ಲಿ, ಮನೆಗಳಲ್ಲಿ ಇರುವವು ಬಹುಪಾಲು ಅವುಗಳ ಸಂತತಿಯೇ. ಒಣ ನೆಲದಲ್ಲಿ ಆಳವಾದ ಬಿಲ ತೋಡಿಕೊಂಡು ಬದುಕುವ ಪ್ರಾಣಿ ನಮ್ಮ ಅಡಿಕೆ ತೋಟದ ತೇವದಲ್ಲಿ, ಮುಂಗುಸಿ, ಹಾವು, ಗೂಬೆಗಳ ನಡುವೆ ಒಂದು ರಾತ್ರಿ ಕಳೆದರೆ ಹೆಚ್ಚು. ಸಾಕಿದ ಪ್ರಾಣಿಯನ್ನು ಉಪವಾಸ ಬೀಳುವ ಹಾಗೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಮನೆಯಲ್ಲಿ ಬೇರೆ ಕೋಣೆ ಇಲ್ಲ, ಅಥವಾ ನಾದಿನಿಗೆ ಅದು ಇದೆ ಎಂಬ ಯೋಚನೆಯಿಂದಲೇ ನಿದ್ದೆ ಬರುತ್ತಿಲ್ಲ ಎಂದಾದರೆ, ಬಸುರಿಯರಿಲ್ಲದ, ಇಲಿ ಕಾಟ ಕಡಿಮೆ ಇರುವ ನೆಂಟರ ಮನೆಗೆ ಕೆಲವು ತಿಂಗಳು ಕಳಿಸಿ. ಕಾರವಾರ, ಕುಮಟಾ ಕಡೆ ಕಳಿಸುವುದಾದರೆ ಸೆಖೆಯ ಬಗ್ಗೆ ಹೇಳಿಕೊಡಿ. ಮೂವತ್ತು ಡಿಗ್ರಿ ದಾಟಿದರೆ ಇವಕ್ಕೆ ಕಷ್ಟ. ಕರಾವಳಿಯಲ್ಲಿ ಏಪ್ರಿಲ್, ಮೇ ಎಂದರೆ ನೆರಳಿನ ತಂಪು ನೆಲ, ಪಂಜರದಲ್ಲಿ ಒಂದು ಮಣ್ಣಿನ ಕುಡಿಕೆ, ದಿನಾ ಹೊಸ ನೀರು ಬೇಕೇ ಬೇಕು. ಅಲ್ಲಿ ವೈರಸ್‌ಗಿಂತ ಬೇಸಿಗೆಯೇ ಹೆಚ್ಚು ಕೊಲ್ಲುತ್ತದೆ. ಇಲ್ಲೇ ಇಟ್ಟುಕೊಳ್ಳುವುದಾದರೆ ಹೆರಿಗೆಯಾದ ಮೇಲೂ, ಬಾಣಂತಿ ಮತ್ತು ಕೂಸು ನಿಮ್ಮಲ್ಲಿ ಇರುವಷ್ಟು ದಿನವೂ, ಆ ಕೋಣೆಯ ಬಾಗಿಲು ಹಾಕಿಯೇ ಇರಲಿ. ಮಗ ಇನ್ನೊಂದು ಬೇಕು ಎಂದು ಹಟ ಹಿಡಿದರೆ, ಅತ್ತೆ ಗಂಡನ ಮನೆಗೆ ವಾಪಸ್ ಹೋಗುವ ತನಕ ಹೊಸ ಪ್ರಾಣಿ ಇಲ್ಲ ಎಂದು ಈಗಲೇ ಹೇಳಿಬಿಡಿ.